ಗೊಂಬೆಗೆ ಹೇಳಿಕೊಟ್ಟ ಪಾಠ

"ಗುರುಗಳೇ, ನಾನು ಇಷ್ಟು ಶ್ರದ್ಧೆಯಿಂದ ಹೇಳಿಕೊಟ್ಟರೂ ಮಕ್ಕಳು ಏಕೆ ಕಲಿಯುವುದಿಲ್ಲ?" ಎಂದು ಶಿಷ್ಯ ಕೇಳಿದ. ಆಶ್ರಮದ ಚಿಕ್ಕ ಮಕ್ಕಳಿಗೆ ಶ್ಲೋಕ ಕಲಿಸುವುದು ಅವನ ಕೆಲಸ. ನಿನ್ನೆ ಅತಿಥಿಗಳ ಮುಂದೆ ಮಕ್ಕಳು ತಪ್ಪಿಲ್ಲದೆ ಹೇಳಿದ ಶ್ಲೋಕ ಇಂದು ಬೆಳಿಗ್ಗೆ ಒಬ್ಬರಿಗೂ ಬರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಜ್ಜಿ ಇದ್ದಳು. ಓದಿದವಳು. ತಾನು ಹಿಡಿದ ಕೆಲಸ ಕೆಡುವುದಿಲ್ಲ ಎಂಬ ಹೆಮ್ಮೆ ಅವಳಿಗೆ. ಅವಳ ಮೊಮ್ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆಪರೇಷನ್ ಮಾಡಿ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಹಾಕಿದರು. ಈಗ ಶಬ್ದ ಒಳಗೆ ಮುಟ್ಟುತ್ತಿತ್ತು. ಅದು ಯಾವ ಮಾತು ಎಂದು ಗುರುತಿಸಲು ಮಗು ಕಲಿಯಬೇಕಿತ್ತು. ಈ ವಯಸ್ಸು ಕಳೆದರೆ ಮಾತು ಬರುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು.

ಕಲಿಸುವ ಟೀಚರ್ ದೂರದ ಊರಿನಿಂದ ಫೋನಿನ ವಿಡಿಯೋದಲ್ಲಿ ಬರುತ್ತಿದ್ದಳು. ಬಾಯಿಗೆ ರಟ್ಟು ಅಡ್ಡ ಹಿಡಿದು "ಚೆಂಡು" ಎನ್ನುವಳು. ಮುಂದಿಟ್ಟ ಆಟಿಕೆಗಳಲ್ಲಿ ಮಗು ಚೆಂಡನ್ನು ಎತ್ತಬೇಕು. "ತುಟಿ ನೋಡಿ ಅಲ್ಲಮ್ಮ, ಕಿವಿಯಿಂದಲೇ ತಿಳಿಯಬೇಕು," ಎಂದು ಮೊದಲೇ ಹೇಳಿದ್ದಳು.

ಮಗು ಸುಮ್ಮನೆ ಕುಳಿತಿತು. ಪಾಠ ನೋಡಲು ಬಂದಿದ್ದ ಅಜ್ಜಿಯ ನಾದಿನಿ, "ಕಾಲೇಜು ಓದಿದ ಅತ್ತಿಗೆಯ ಕೈಯಲ್ಲೂ ಇದು ಆಗಲಿಲ್ಲ ಬಿಡಿ," ಎಂದು ನಕ್ಕಳು.

ಅಜ್ಜಿಗೆ ಅದು ಚುಚ್ಚಿತು. ಬಿಡುವಾದಾಗಲೆಲ್ಲ ಒಂದೊಂದು ಆಟಿಕೆ ತೋರಿಸಿ, ದನಿ ತೆಗೆಯದೆ ಬರೀ ತುಟಿಯಾಡಿಸಿ ಮಗುವಿಗೆ ರೂಢಿ ಮಾಡಿಸಿದಳು. ಪಾಠದ ಹೊತ್ತಿನಲ್ಲಿ ಫೋನಿನ ಹಿಂದೆ, ಟೀಚರ್‌ಗೆ ಕಾಣದಂತೆ ಕುಳಿತಳು. ರಟ್ಟಿನ ಮರೆಯಿಂದ ಬಂದ ಮಾತನ್ನು ಇವಳ ತುಟಿ ತೋರಿಸಿಕೊಟ್ಟಿತು. ಮಗು ಚೆಂಡು ಎತ್ತಿತು. ಟೀಚರ್ ಚಪ್ಪಾಳೆ ತಟ್ಟಿದಳು. ನಾದಿನಿ ಬಾಯಿ ಮುಚ್ಚಿದಳು. ಮನೆಗೆ ಬಂದವರೆಲ್ಲ ಅಜ್ಜಿಯನ್ನು ಹೊಗಳಿದರು. ಇನ್ನು ಸ್ವಲ್ಪ ದಿನ ಹೀಗೇ ಸಾಗಲಿ, ಆಮೇಲೆ ತಾನಾಗಿ ಕೇಳಿಸಿಕೊಳ್ಳುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಳೆಗಾಲ ಮುಗಿಯಿತು. ಅವಳು ಫೋನಿನ ಹಿಂದಿನಿಂದ ಏಳಲಿಲ್ಲ.

ಒಂದು ದಿನ ಟೀಚರ್, "ಇವತ್ತು ಪುಟ್ಟಿಯೇ ಟೀಚರ್. ಗೊಂಬೆಗೆ ಪಾಠ ಹೇಳಲಿ," ಎಂದಳು.

ಅಜ್ಜಿ ಸನ್ನೆ ಮಾಡಿದಳು. ಮಗು ಗೊಂಬೆಯನ್ನು ಎದುರಿಗೆ ಕೂರಿಸಿತು. ಚೆಂಡನ್ನು ಎತ್ತಿ ಹಿಡಿದು, ಅಗಲವಾಗಿ, ನಿಧಾನವಾಗಿ ತುಟಿಯಾಡಿಸಿತು. ದನಿ ಬರಲಿಲ್ಲ. ಬಟ್ಟಲನ್ನು ಎತ್ತಿ ಮತ್ತೆ ಹಾಗೆಯೇ ಮಾಡಿತು.

"ಅಮ್ಮಾ, ನಿಮ್ಮ ಕಡೆಯಿಂದ ಏನೂ ಕೇಳಿಸುತ್ತಿಲ್ಲ. ಮೈಕ್ ಆಫ್ ಆಗಿದೆಯಾ ನೋಡಿ."

ನೆಟ್‌ವರ್ಕ್ ಸರಿಯಿಲ್ಲ ಎಂಬ ಮಾತು ಅಜ್ಜಿಯ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮಗು ಅವಳತ್ತ ತಿರುಗಿತು. ಎಷ್ಟು ಚೆನ್ನಾಗಿ ಹೇಳಿಕೊಟ್ಟೆ ನೋಡು ಎಂಬಂತೆ ಅದರ ಮುಖ ಅರಳಿತ್ತು. ಅಜ್ಜಿಗೆ ಆ ಮುಖವನ್ನು ನೋಡಲಾಗಲಿಲ್ಲ.

"ಮೈಕ್ ಸರಿಯಾಗಿದೆ, ಟೀಚರ್," ಎಂದಳು. "ದನಿಯನ್ನು ನಾನೇ ಕಲಿಸಲಿಲ್ಲ."

ಅವಳು ಫೋನಿನ ಹಿಂದಿನಿಂದ ಎದ್ದು ಬಂದು ಮಗುವಿನ ಬೆನ್ನ ಹಿಂದೆ ಕುಳಿತಳು. ಬಾಯಿಗೆ ಸೆರಗು ಹಿಡಿದು, "ಚೆಂಡು," ಎಂದು ದನಿ ತೆಗೆದು ಹೇಳಿದಳು. ಮಗು ತಿರುಗಲಿಲ್ಲ. ಮತ್ತೊಮ್ಮೆ ಹೇಳಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅಯ್ಯೋ, ಅಷ್ಟು ದಿನವೂ ಮಗು ಏನೂ ಕಲಿಯಲಿಲ್ಲವಲ್ಲ," ಎಂದ ಶಿಷ್ಯ.

"ಚೆನ್ನಾಗಿಯೇ ಕಲಿತಿತ್ತು, ನಿನ್ನೆ ಅತಿಥಿಗಳ ಬೆನ್ನ ಹಿಂದೆ ನಿಂತು ನೀನು ತುಟಿಯಾಡಿಸಿದ್ದನ್ನು ನಿನ್ನ ಮಕ್ಕಳು ಕಲಿತ ಹಾಗೆ."