ಗಂಧದ ಮರ ಒಂಟಿಯಾಗಿ ಬೆಳೆಯದು ಯಾಕೆ

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಮರಗಳು ಬೇರೆತ್ತಿಕೊಂಡು ಆಚೀಚೆ ನಡೆದಾಡುತ್ತಿದ್ದವು.

ಗುಡ್ಡದ ಕೆಳಗಿನ ಹೊಂಗೆಮರ ಹೊಂಗವ್ವ ಮಾತ್ರ ಕೆಲಸ ಬಿಟ್ಟು ಎಲ್ಲೂ ಹೋದವಳಲ್ಲ. ಹಗಲೆಲ್ಲ ಮಣ್ಣಿನಿಂದ ನೀರೆತ್ತುವಳು. ಎಷ್ಟು ಎತ್ತಿದರೂ ಅವಳ ಬಾಯಿ ಒಣಗುತ್ತಲೇ ಇತ್ತು.

ಅವಳ ಕೊಂಬೆಗೆ ಬೇರು ಚುಚ್ಚಿ ಬಂದಳಿಕೆ ಎಂಬ ಪುಟ್ಟ ಗಿಡ ಕೂತಿತ್ತು. ಪಕ್ಕದಲ್ಲೇ ಗಂಧದ ಮರ. ಎಲೆಯಿಂದ ಬುಡದವರೆಗೆ ಪರಿಮಳ. ಕಾಡಿಗೆಲ್ಲ ಅವನೇ ಹಿರಿಯ.

"ನಿನ್ನ ದಾಹಕ್ಕೆ ಆ ಬಂದಳಿಕೆಯೇ ಕಾರಣ. ಅವಳು ಪರಾವಲಂಬಿ," ಎಂದ ಗಂಧ.

ಆ ಮಾತು ಅಲ್ಲಿವರೆಗೆ ಲೋಕದಲ್ಲಿ ಇರಲಿಲ್ಲ. ಹುಟ್ಟಿಸಿದವನು ಅವನೇ. ಕಾಡಿಗೆ ಆ ಬೈಗುಳ ಬಲು ರುಚಿಸಿತು. ಸೋಮಾರಿಗೂ ಅದೇ, ಬಡವನಿಗೂ ಅದೇ, ಎರಡು ದಿನ ಹೆಚ್ಚು ಉಳಿದ ನೆಂಟನಿಗೂ ಅದೇ.

ಬಂದಳಿಕೆಯನ್ನು ಕಿತ್ತೆಸೆಯಲು ಪಂಚಾಯಿತಿ ಸೇರಿತು. ಕಿತ್ತರೆ ಅವಳಿಗೆ ಸಾವು. ಆದರೂ ಅವಳು ಸುಳ್ಳು ಹೇಳಲಿಲ್ಲ. ನೀರು ಕುಡಿಯುವುದು ನಿಜ, ಅನ್ನ ಮಾತ್ರ ನನ್ನ ಎಲೆಯಲ್ಲಿ ನಾನೇ ಬೇಯಿಸಿಕೊಳ್ಳುತ್ತೇನೆ ಎಂದಳು.

ತೀರ್ಪು ಹೇಳುವವರು ಮೊದಲು ತಮ್ಮ ಬೇರೆತ್ತಿ ತೋರಿಸಬೇಕು. ಅದು ಮರಗಳ ಪದ್ಧತಿ. ತೀರ್ಪು ಹೇಳಲು ಕೂತಿದ್ದ ಗಂಧ ಕದಲಲಿಲ್ಲ. ಸೊಂಟನೋವು ಅಂದ.

"ನಾಲಿಗೆ ಎತ್ತೋಕೆ ನೋವಿಲ್ಲ, ಬೇರೆತ್ತೋಕೆ ನೋವಾ ಅಣ್ಣಯ್ಯ?" ಎಂದು ಜಾಲಿಮರ ಕೆಣಕಿತು.

ಗಂಧ ಬೇರೆತ್ತಿದ. ಚೀರಿದವಳು ಹೊಂಗವ್ವ.

ಅವನ ಬೇರಿನ ತುದಿಗಳು ಅವಳ ಬೇರುಗಳನ್ನು ಕಚ್ಚಿ ಹಿಡಿದಿದ್ದವು. ಬಂದಳಿಕೆ ಕುಡಿದದ್ದು ಗುಟುಕು, ಇವನು ಕುಡಿದದ್ದು ಕೊಡಗಟ್ಟಲೆ. ಅವಳು ಎಲ್ಲರ ಕಣ್ಣೆದುರು ಕುಡಿದಳು, ಇವನು ಮಣ್ಣಿನೊಳಗೆ ಕುಡಿದ. ಅಷ್ಟೇ ವ್ಯತ್ಯಾಸ.

ಇಬ್ಬರನ್ನೂ ಕಿತ್ತುಬಿಡಿ ಎಂದಿತು ಕಾಡು. ಗಂಧ ತಲೆ ತಗ್ಗಿಸಿದ. ಹೊಂಗವ್ವನ ಬೇರು ಬಿಟ್ಟರೆ ತಾನೂ ಒಣಗಿ ಸಾಯುವೆನೆಂದು ಒಪ್ಪಿಕೊಂಡ.

ಹೊಂಗವ್ವ ನೊಂದ ಬೇರನ್ನು ಮಣ್ಣಿಗೆ ಸೇರಿಸಿದಳು.

"ನೀರೆತ್ತಿದವಳು ನಾನು. ತೀರ್ಪೂ ನನ್ನದೇ," ಎಂದಳು. "ಇಬ್ಬರೂ ಇರಿ, ಅಳತೆಯಲ್ಲಿ ಕುಡಿಯಿರಿ. ಬಂದಳಿಕೆ, ಹಣ್ಣು ಬಿಟ್ಟು ಹಕ್ಕಿಗಳನ್ನು ಕರಿ, ಅವುಗಳ ಹಾಡು ನನಗಿರಲಿ. ಗಂಧ, ನನ್ನ ನೀರಿನಿಂದ ಬಂದ ಪರಿಮಳ ತೋರಿಸಿಕೊಂಡು ಮೆರೆಯಬೇಡ. ಎದೆಯೊಳಗಿಟ್ಟುಕೋ."

ಅಂದು ಸಂಜೆ ಹೊಂಗವ್ವ ಮೊದಲ ಸಲ ಹೊಟ್ಟೆತುಂಬ ನೀರು ಕುಡಿದಳು. ಕೊಂಬೆಯ ಮೇಲೆ ಹಕ್ಕಿ ಹಾಡಿತು.

ಅದಕ್ಕೇ ಮಗು, ಇವತ್ತಿಗೂ ಗಂಧದ ಎಲೆ ಹಿಸುಕಿದರೆ ಪರಿಮಳವಿಲ್ಲ, ಇರುವುದೆಲ್ಲ ತಿರುಳಿನೊಳಗೆ. ಗಂಧದ ಸಸಿ ನೆಡುವವರು ಅದರ ಪಕ್ಕ ಇನ್ನೊಂದು ಗಿಡ ನೆಡದೆ ಮನೆಗೆ ಬರುವುದಿಲ್ಲ.