ಕುಂಬಾರ ಕೇರಿಯ ಹುಣಿಸೆ ಬೀಜ

"ಕೇಳಿರಪ್ಪೋ ಕೇಳಿರಿ! ಕೆರೆಗೌಡನ ಆಯ್ಕೆಗೆ ಇನ್ನು ಮೂರೇ ದಿನ. ನಾಲ್ಕು ಕೇರಿಯವರು ಎಂದಿನಂತೆ ಪರದೆಯ ಹಿಂದೆ ಹೋಗಿ, ತಮಗೆ ಬೇಕಾದವನ ಕೊಡದಲ್ಲಿ ಹುಣಿಸೆ ಬೀಜ ಹಾಕಬಹುದು. ಕುಂಬಾರ ಕೇರಿಯವರು ಮಾತ್ರ ಮೊದಲು ದೊರೆಯ ಮೂರು ಒಗಟು ಬಿಡಿಸಬೇಕು. ಕೇರಿಯ ಪರವಾಗಿ ಒಬ್ಬರು ಬಂದರೆ ಸಾಕು. ತಪ್ಪಿದರೆ ತಲೆ ಹೋಗುತ್ತದೆ. ಮೂರು ದಿನದಲ್ಲಿ ಯಾರೂ ಗೆಲ್ಲದಿದ್ದರೆ ಆ ಕೇರಿಗೆ ಇನ್ನೆಂದೂ ಬೀಜವಿಲ್ಲ!"

ಡಂಗುರದವನು ಹೋದ ಮೇಲೆ ಕೇರಿಯಲ್ಲಿ ಮಡಕೆ ತಿರುಗಿಸುವ ತಿಗರಿಗಳು ಒಂದೊಂದಾಗಿ ನಿಂತವು. ಕಾರಣ ಎಲ್ಲರಿಗೂ ಗೊತ್ತಿತ್ತು. ಕಳೆದ ಸಲ ದೊರೆ ಮಾಳಿಗರಾಯನ ಭಾವಮೈದುನನನ್ನು ಸೋಲಿಸಿದ್ದು ಈ ಕೇರಿಯ ಬೀಜಗಳೇ. ಈ ಸಲವೂ ಅವನೇ ನಿಂತಿದ್ದ. ಅವನು ಕೆರೆಗೌಡನಾಗಿ ಕೆರೆ ಅವನ ಕೈಗೆ ಹೋದರೆ ಕುಂಬಾರರಿಗೆ ಮಣ್ಣೂ ಇಲ್ಲ, ನೀರೂ ಇಲ್ಲ. ಕೇರಿಗೆ ಕೇರಿಯೇ ಗುಳೆ ಹೋಗಬೇಕು.

ಮೊದಲ ದಿನ ಹಿರಿಯ ಈರಗಂಟಪ್ಪ ಹೋದ.

"ಬೆಂಕಿಯಿಂದ ಹುಟ್ಟುತ್ತದೆ, ಕೈಗೆ ಸಿಕ್ಕುವುದಿಲ್ಲ, ಏಣಿಯಿಲ್ಲದೆ ಗೋಡೆ ಹತ್ತುತ್ತದೆ. ಏನದು?" ಎಂದ ದೊರೆ.

"ನೆರಳು."

"ತಪ್ಪು. ಹೊಗೆ."

ಮಧ್ಯಾಹ್ನದೊಳಗೆ ಅವನ ತಲೆ ಕೋಟೆಬಾಗಿಲ ಮೇಲಿತ್ತು. ಮರುದಿನ ಹಾಲಪ್ಪ ಹೋದ. ಅದೇ ಒಗಟು. "ಹೊಗೆ" ಎಂದ ಹಾಲಪ್ಪ. ದೊರೆ ನಕ್ಕ. "ತಪ್ಪು. ನೆರಳು." ಹಾಲಪ್ಪನ ತಲೆಯೂ ಕೋಟೆಬಾಗಿಲೇರಿತು.

ಹಾಲಪ್ಪನ ತಂಗಿ ಸುಂಕವ್ವ ಬುಟ್ಟಿ ಹೊತ್ತು ಮಡಕೆ ಮಾರುವವಳು. ಎರಡೂ ದಿನ ಕೋಟೆಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೂರನೆಯ ದಿನ ಬೆಳಿಗ್ಗೆ ಸೆರಗು ಸೊಂಟಕ್ಕೆ ಕಟ್ಟಿ ಹೊರಟಾಗ ಅತ್ತಿಗೆ ಅಡ್ಡ ನಿಂತಳು.

"ಬೇಡ ಕಣವ್ವಾ. ಒಂದು ಮನೆಗೆ ಒಂದು ಹೆಣ ಸಾಕು."

"ಅಣ್ಣ ತಪ್ಪು ಹೇಳಲಿಲ್ಲ, ಅತ್ತಿಗೆ. ಅದನ್ನ ಆ ದೊರೆಯ ಬಾಯಿಂದಲೇ ಹೇಳಿಸಬೇಕು."

ಅಂದೇ ಆಯ್ಕೆ. ಕೋಟೆಬಾಗಿಲ ಮುಂದೆ ಪರದೆ ಕಟ್ಟಿದ ಬಯಲಲ್ಲಿ ಐದು ಕೇರಿಯ ಜನ ನೆರೆದಿದ್ದರು.

"ಕುಂಬಾರರಲ್ಲಿ ಗಂಡಸರು ಮುಗಿದರೋ?" ಎಂದ ದೊರೆ.

"ಇನ್ನೂ ಇದ್ದಾರೆ, ದೊರೆಗಳೇ. ಇವತ್ತಿನ ಸರದಿ ನಂದು. ಮೂರು ಒಗಟಿನ ಉತ್ತರಾನೂ ಮೊದಲೇ ಓಲೆಯಲ್ಲಿ ಬರೆದು ಈ ಕುಡಿಕೆಗೆ ಹಾಕಿ. ಬಾಯಿಗೆ ನಾನು ಹಸಿಮಣ್ಣು ಮೆತ್ತುತ್ತೇನೆ, ನೀವು ಮುದ್ರೆ ಒತ್ತಿ. ಆಮೇಲೆ ಕೇಳಿ."

ದೊರೆಯ ಮುಖ ಕೆಂಪಾಯಿತು. ಗಾಣಿಗರ ಕೇರಿಯ ಮುದುಕಿಯೊಬ್ಬಳು ಕೂಗಿದಳು: "ಗೊತ್ತಿದ್ದರೆ ಬರೆಯೋಕೇನಂತೆ? ಕೇಳಿದವರಿಗೇ ಉತ್ತರ ಗೊತ್ತಿಲ್ಲವೋ ಏನೋ!"

ಜನ ನಕ್ಕರು. ಆ ನಗು ದೊರೆಗೆ ತಡೆಯಲಾಗಲಿಲ್ಲ. ಬರೆದ, ಹಾಕಿದ, ಮುದ್ರೆ ಒತ್ತಿದ. ಮೊದಲ ಒಗಟು ಮತ್ತೆ ಅದೇ.

"ಅದನ್ನ ನಮ್ಮ ಕೇರಿ ಆಗಲೇ ಬಿಡಿಸಿದೆ" ಎಂದಳು ಸುಂಕವ್ವ. "ಓಲೆಯಲ್ಲಿ ನೆರಳು ಅಂತಿದ್ದರೆ ಈರಗಂಟಪ್ಪ ಗೆದ್ದ. ಹೊಗೆ ಅಂತಿದ್ದರೆ ನಮ್ಮಣ್ಣ ಗೆದ್ದ. ಬೇರೇನಾದರೂ ಇದ್ದರೆ ನೀವು ಎರಡು ದಿನ ಇಷ್ಟು ಜನದ ಮುಂದೆ ಸುಳ್ಳು ಹೇಳಿದಿರಿ."

ದೊರೆ ತಡವರಿಸಿ ಮುಂದಿನದಕ್ಕೆ ಹೋದ. "ಬಾಯಿದೆ, ಮಾತಿಲ್ಲ. ಹೊಟ್ಟೆಯಿದೆ, ಹಸಿವಿಲ್ಲ. ಊರಿನ ಗುಟ್ಟೆಲ್ಲ ನುಂಗಿ ಯಾರದೆಂದು ಹೇಳುವುದಿಲ್ಲ."

"ಪರದೆಯ ಹಿಂದಿನ ಕೊಡ. ಮಾಡಿದವರು ನಾವೇ."

"ಮೂರನೆಯದು. ಧಣಿಗೂ ಒಂದೇ ತೂಕ, ತೊತ್ತಿಗೂ ಒಂದೇ ತೂಕ. ಒಬ್ಬರಿಗೆ ಒಂದೇ ಸಲ. ಕೊಟ್ಟ ಮೇಲೆ ವಾಪಸ್ಸಿಲ್ಲ."

ಹುಣಿಸೆ ಬೀಜ ಎಂಬ ಮಾತು ಸುಂಕವ್ವನ ನಾಲಿಗೆಯ ತುದಿಗೆ ಬಂತು. ತಡೆದಳು. ಒಗಟಿಗೆ ಬೀಜವೂ ಒಪ್ಪುತ್ತದೆ, ಆದರೆ ಓಲೆ ಬರೆದ ಕೈ ಯಾರದು? ಅವಳು ಕೋಟೆಬಾಗಿಲ ಕಡೆ ತಿರುಗಿ ಅಣ್ಣನ ಮುಖವನ್ನು ನೋಡಿದಳು.

"ಸಾವು" ಎಂದಳು. "ನಿಮ್ಮ ತಲೆಯಲ್ಲಿ ಅದು ಬಿಟ್ಟು ಬೇರೇನೂ ಇಲ್ಲ."

ಗಾಣಿಗರ ಮುದುಕಿ ಕುಡಿಕೆಯನ್ನು ಕಲ್ಲಿಗೆ ಕುಕ್ಕಿದಳು. ಓಲೆಗಳನ್ನು ಕರಣಿಕ ಓದಿದ: ಹೊಗೆ. ಕೊಡ. ಸಾವು.

ಹೊಗೆ ಎಂದಾಗ ಅತ್ತಿಗೆ ನೆಲಕ್ಕೆ ಕುಸಿದಳು.

"ಏನು ಬೇಕು ಕೇಳು, ಹೊನ್ನೋ ಹೊಲವೋ" ಎಂದ ದೊರೆ. ದನಿ ಇಳಿದಿತ್ತು.

"ನಮ್ಮ ಕೇರಿಗೆ ಬೀಜ. ಇನ್ನೆಂದೂ ಯಾವ ಕೇರಿಗೂ ಒಗಟಿಲ್ಲ ಅಂತ ಶಾಸನ. ಆ ಎರಡು ತಲೆ ಕೆಳಗಿಳಿಸಿ ಕೊಡಿ."

ದೊರೆ ಕೊಟ್ಟ. ಐದು ಕೇರಿಯ ಜನ ಕಣ್ಣಿಟ್ಟು ನೋಡುತ್ತಿದ್ದಾಗ ಕೊಡದೆ ವಿಧಿಯಿರಲಿಲ್ಲ. ಸುಂಕವ್ವ ಅಣ್ಣನ ತಲೆಯನ್ನು ಸೆರಗಿನಲ್ಲಿ ಸುತ್ತಿ ಅತ್ತಿಗೆಯ ಮಡಿಲಿಗಿಟ್ಟಳು.

"ಮಣ್ಣು ಮಾಡೋಣ, ನಡಿ" ಎಂದಳು ಅತ್ತಿಗೆ.

"ಮಾಡೋಣ. ಮೊದಲು ಬೀಜ ಹಾಕು."

ಅತ್ತಿಗೆ ಮಡಿಲ ಭಾರವನ್ನು ನಾದಿನಿಯ ಕೈಗಿತ್ತು, ಕಣ್ಣೊರೆಸಿಕೊಳ್ಳದೆ ಪರದೆಯ ಹಿಂದೆ ಹೋದಳು. ಅವಳ ಹಿಂದೆ ಇಡೀ ಕೇರಿ ಸಾಲುಗಟ್ಟಿತು.