ಬ್ಲೂಬೆರಿ ಕುಂಡಗಳ ಕಾವಲು

ನಿವೃತ್ತ ಜೈಲು ಅಧಿಕಾರಿ ನಂಜರಾಜೇ ಅರಸರು ಗಂಟಲು ಸರಿಮಾಡಿಕೊಂಡರೂ ಮನೆಮಂದಿ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಮಹಡಿಯ ಕುಂಡಗಳಲ್ಲಿ ಅವರು ಬೆಳೆಸಿದ್ದ ಗಿಡ್ಡ ಬ್ಲೂಬೆರಿ ಗಿಡಗಳು ಮೊದಲ ಸಲ ಹಣ್ಣು ಬಿಟ್ಟಿದ್ದವು. ಅರ್ಧ ಹಣ್ಣನ್ನು ಪಿಕಳಾರ ಹಕ್ಕಿಗಳು ತಿಂದು ಮುಗಿಸಿದ್ದವು.

ಅರಸರು ಮಾಲಿಯನ್ನು ಕರೆಸಿದರು. “ಬಲೆಗಿಲೆ ಹಾಕಬೇಡ, ಅಂದ ಕೆಡುತ್ತೆ. ಆದ್ರೆ ಇನ್ನೊಂದು ಹಣ್ಣು ಹೋದ್ರೂ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಔಟ್‌ಹೌಸ್ ಖಾಲಿ ಮಾಡು.”

ಮಾಲಿಗೆ ಆ ದಿನ ಊಟ ಸೇರಲಿಲ್ಲ. ಹಿತ್ತಲಿಗೆ ಬಂದರೆ, ಒಣಗಲು ಹಾಕಿದ್ದ ಅರಸರ ಹಳೇ ಖಾಕಿ ಕೋಟು ಕಂಡು ಅವರೇ ಎಂದುಕೊಂಡು ಬೆಚ್ಚಿಬಿದ್ದ. ಆಮೇಲೆ ಅದನ್ನೇ ನೋಡುತ್ತ ನಿಂತ. ಒಂದು ಹಳೇ ಮಡಕೆ ಹುಡುಕಿ, ದೃಷ್ಟಿಬೊಂಬೆಗೆ ಬರೆಯುವ ಹಾಗೆ ಸುಣ್ಣದಲ್ಲಿ ಕಣ್ಣು, ಮಸಿಯಲ್ಲಿ ಮೀಸೆ ಬರೆದ.

ಮರುದಿನ ಒಂದು ಹಕ್ಕಿಯೂ ಅತ್ತ ಸುಳಿಯಲಿಲ್ಲ.

ಮುಸ್ಸಂಜೆ ಅರಸರು ಮಹಡಿ ಹತ್ತಿದರು. ಕುಂಡಗಳ ನಡುವೆ ಕೋಟು ತೊಟ್ಟು, ಬೆತ್ತ ಹಿಡಿದು, ಯಾರೋ ತಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರು. ಅರಸರು ಮೆಟ್ಟಿಲ ಮೇಲೇ ಹಿಂದಕ್ಕೆ ಸರಿದರು.

“ಯಾ... ಯಾರೋ ಅದು?”

ಹಿಂದೆ ನಿಂತಿದ್ದ ಮಾಲಿ ಕೈಕಟ್ಟಿಕೊಂಡು ಮೆಲ್ಲಗೆ ಹೇಳಿದ:

“ಹೆದರ್ಕೋಬೇಡಿ ಬುದ್ದಿ. ಅದು ನೀವೇ.”